ತೊಂಬತ್ತೆಂಟೂವರೆ ಡಿಗ್ರಿ

ಸಿದ್ರಾಮಪ್ಪ ಸರ್ ವಿಜ್ಞಾನವನ್ನು ಕಣ್ಣು ಮುಚ್ಚಿಕೊಂಡು ಕಲಿಸುತ್ತಿದ್ದರು. ಇದು ಮಾತಿಗೆ ಹೇಳುತ್ತಿರುವುದಲ್ಲ. ತರಗತಿಗೆ ಬಂದು, ಹಾಜರಿ ಕೂಗಿ, ಎರಡೂ ಕೈಗಳನ್ನು ಮೇಜಿನ ಮೇಲೆ ಊರಿ ರೆಪ್ಪೆ ಮುಚ್ಚಿದರೆಂದರೆ ಗಂಟೆ ಹೊಡೆಯುವವರೆಗೆ ತೆರೆಯುತ್ತಿರಲಿಲ್ಲ. ಬಾಯಿಂದ ಪಠ್ಯಪುಸ್ತಕ ಹೊರಗೆ ಬರುತ್ತಿತ್ತು, ಒಂದಕ್ಷರ ಆಚೀಚೆ ಆಗದೆ. "ಚಿತ್ರ ನಾಲ್ಕು ಪಾಯಿಂಟ್ ಎರಡನ್ನು ಗಮನಿಸಿ" ಎಂಬ ವಾಕ್ಯವನ್ನೂ ಅದೇ ರಾಗದಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಆ ಚಿತ್ರವನ್ನು ಬೋರ್ಡಿನ ಮೇಲೆ ಬರೆದವರಲ್ಲ. "ವಿಜ್ಞಾನದ ಮೊದಲ ಹೆಜ್ಜೆ ವೀಕ್ಷಣೆ" ಎಂದು ಅವರು ಕಣ್ಣು ಮುಚ್ಚಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕಳೆದ ತಿಂಗಳು ಅವರು ತೀರಿಕೊಂಡರು. ಶಹಾಪುರದ ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಕೈಮುಗಿದ ಚಿತ್ರಗಳು ಬಂದದ್ದೇ ಬಂದದ್ದು. ಒಬ್ಬ ಜ್ಞಾನಸಾಗರ ಅಂದ, ಇನ್ನೊಬ್ಬ ನಡೆದಾಡುವ ಗ್ರಂಥಾಲಯ ಅಂದ. ಗ್ರಂಥಾಲಯ ಎಂದವನು ಸ್ವಲ್ಪ ಹೆಚ್ಚೇ ಹೇಳಿದ, ಅವರಲ್ಲಿದ್ದದ್ದು ಒಂದೇ ಪುಸ್ತಕ. ಈಗ ಸ್ಮರಣ ಸಂಚಿಕೆ ತರುತ್ತಾರಂತೆ. ಗುಂಪಿನಲ್ಲಿ ವಿಜ್ಞಾನ ಶಿಕ್ಷಕಿಯಾದವಳು ನಾನೊಬ್ಬಳೇ ಎಂದು ನನಗೆ ಎರಡು ಪುಟ ಬರೆದುಕೊಡಲು ಹೇಳಿದ್ದಾರೆ. ಇದನ್ನು ಅವರು ಅಚ್ಚು ಹಾಕಲಿಕ್ಕಿಲ್ಲ. ಆದರೂ ಬರೆಯುತ್ತೇನೆ.

ಸರ್ ಕೆಟ್ಟವರೆಂದು ನಾನು ಹೇಳುವುದಿಲ್ಲ. ಯಾರಿಗೂ ಹೊಡೆದವರಲ್ಲ, ಒಂದು ದಿನ ರಜೆ ಹಾಕಿದವರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು. ಅವರ ವಿಷಯದಲ್ಲಿ ಯಾರೂ ನಪಾಸಾಗುತ್ತಿರಲಿಲ್ಲ. ಹೀಗಾಗಿ ತಂದೆ ತಾಯಂದಿರಿಗೆ ಅವರೆಂದರೆ ದೇವರು. ಒಮ್ಮೆ ಶಾಖದ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನ ಹುಡುಗರು ಒಬ್ಬೊಬ್ಬರಾಗಿ ಬಾಗಿಲಿನಿಂದ ಹೊರಗೆ ಜಾರಿದರು. ಕೊನೆಗೆ ಉಳಿದವರು ಮುಂದಿನ ಎರಡು ಬೆಂಚಿನ ನಾವು ಏಳು ಹುಡುಗಿಯರು. ಗಂಟೆ ಹೊಡೆಯಿತು. ಸರ್ ಕಣ್ಣು ತೆರೆದು ಖಾಲಿ ಬೆಂಚುಗಳ ಕಡೆ ನೋಡಿ, "ಇವತ್ತು ಕ್ಲಾಸ್ ಬಾಳ ಶಾಂತ ಇತ್ತು ನೋಡ್ರಿ" ಎಂದು ಸಂತೋಷದಿಂದ ಹೊರಟುಹೋದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ಅದು ನಗುವ ವಿಷಯವೇ ಆಗಿತ್ತು.

ಪ್ರಶ್ನೆ ಕೇಳುವವರೆಂದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಮರುಕ ಬರುತ್ತಿತ್ತು. "ಪುಸ್ತಕದಾಗ ಇರೋದು ನಿನಗ ಸಾಲಲ್ಲೇನವಾ?" ಅನ್ನುವರು. ಅಲ್ಲಿಗೆ ಪ್ರಶ್ನೆ ಮುಗಿಯಿತು.

ಹತ್ತನೆಯ ತರಗತಿಯಲ್ಲಿ ನಮಗೆ ಒಂದೇ ಒಂದು ಪ್ರಯೋಗ ಮಾಡುವ ಭಾಗ್ಯ ಬಂತು. ಯಾರೋ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ನೀರಿನ ಕುದಿಯುವ ಬಿಂದು ಕಂಡುಹಿಡಿಯಬೇಕು. ಸ್ಪಿರಿಟ್ ದೀಪವಿತ್ತು, ಸ್ಪಿರಿಟ್ ಇರಲಿಲ್ಲ. ನನ್ನ ಪಕ್ಕ ಕೂಡುತ್ತಿದ್ದ ರಜಿಯಾಳ ಅಪ್ಪನದು ಬಸ್ ನಿಲ್ದಾಣದ ಹತ್ತಿರ ಚಹಾದ ಅಂಗಡಿ. ಅವಳು ಅಲ್ಲಿಂದ ಸೀಮೆಎಣ್ಣೆ ಸ್ಟೋವ್ ಹೊತ್ತು ತಂದಳು. ಸಾಹೇಬರು ಬರಲೇ ಇಲ್ಲ. ಸ್ಟೋವ್ ಬಂದಿತ್ತಲ್ಲ, ಸರ್ ಪ್ರಯೋಗ ಮಾಡಿಸಿದರು.

ಮಾಡಿಸಿದರು ಎಂದರೆ, ನೀರು ಒಲೆ ಏರುವ ಮೊದಲೇ ಉತ್ತರ ಬರೆಸಿದರು. "ಸಮುದ್ರ ಮಟ್ಟದ ವಾಯು ಒತ್ತಡದಲ್ಲಿ ಶುದ್ಧ ನೀರು ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ." ಸಮುದ್ರ ಮಟ್ಟ ಎಂಬ ಮಾತು ನಮ್ಮಲ್ಲಿ ಯಾರ ಕಿವಿಗೂ ಬೀಳಲಿಲ್ಲ, ಅದನ್ನು ಹೇಳಿದ ಬಾಯಿಗೂ ಗೊತ್ತಾಗಲಿಲ್ಲ. ಶಹಾಪುರ ಸಮುದ್ರದಿಂದ ಎಷ್ಟೋ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಸ್ವಲ್ಪ ಮೊದಲೇ ಕುದಿಯುತ್ತದೆ. ಇಷ್ಟು ಸಣ್ಣ ವಿಷಯ.

ನಾನೂ ರಜಿಯಾಳೂ ತಲೆಗೆ ತಲೆ ತಾಗಿಸಿ ಥರ್ಮಾಮೀಟರ್ ನೋಡಿದೆವು. ನೀರು ಕೊತಕೊತ ಕುದಿಯುತ್ತಿತ್ತು. ಪಾದರಸ ತೊಂಬತ್ತೆಂಟೂವರೆಗೆ ಬಂದು ನಿಂತಿತು. ಎಷ್ಟು ಹೊತ್ತು ಕಾದರೂ ಅಲ್ಲಿಂದ ಮೇಲೆ ಏರಲಿಲ್ಲ. ರಜಿಯಾ ತನ್ನ ಪ್ರಯೋಗದ ಪುಸ್ತಕದಲ್ಲಿ ಕಂಡದ್ದನ್ನೇ ಬರೆದಳು. ಆ ಪುಸ್ತಕಕ್ಕೆ ಸರ್ ಸಹಿ ಬಿದ್ದರೆ ಮಾತ್ರ ಪ್ರಯೋಗದ ಅಂಕ ಸಿಗುತ್ತಿತ್ತು. ಆ ಅಂಕವಿಲ್ಲದೆ ಕಾಲೇಜಿನಲ್ಲಿ ಸೈನ್ಸ್ ಸಿಗುವುದು ಕಷ್ಟ. ಸೈನ್ಸ್ ಓದಿ ನರ್ಸ್ ಆಗಬೇಕೆಂದು ರಜಿಯಾ ಏಳನೆಯ ತರಗತಿಯಿಂದ ಹೇಳುತ್ತಿದ್ದಳು.

ಸರ್ ಅವಳು ಬರೆದದ್ದನ್ನು ನೋಡಿ ಕೇಳಿದರು, "ಏ ಹುಡುಗಿ, ನೀರು ಎಷ್ಟಕ್ಕ ಕುದೀತದ?"

"ಪುಸ್ತಕದಾಗ ನೂರು ಅದರಿ ಸರ್. ಇದರಾಗ ತೊಂಬತ್ತೆಂಟೂವರಿ ತೋರಸ್ಲಾಕತ್ತದ."

"ಥರ್ಮಾಮೀಟರ್ ಕೆಟ್ಟದ. ನೂರು ಅಂತ ಬರಿ."

"ಕೆಟ್ಟಿದ್ದರ ಕೆಟ್ಟದ ಅಂತ ಬರೀತೀನ್ರಿ. ನಾ ನೋಡಿದ್ದು ನೂರಲ್ಲ."

ಸರ್ ನನ್ನ ಕಡೆ ತಿರುಗಿದರು. "ಮಹಾದೇವಿ, ನೀನೂ ಅದರಾಗೇ ನೋಡಿದ್ದಿ. ಎಷ್ಟಿತ್ತು?"

"ನೂರು ಸರ್," ಅಂದೆ.

ರಜಿಯಾ ನನ್ನನ್ನು ಬೈಯಲಿಲ್ಲ. ಅವತ್ತು ಸ್ಟೋವ್ ಹಿಡಿದುಕೊಂಡು ಒಬ್ಬಳೇ ಹೋದಳು, ಮರುದಿನದಿಂದ ಬೇರೆ ಬೆಂಚಿನಲ್ಲಿ ಕೂತಳು. "ಒಂದು ಅಂಕಿ ತಿದ್ದು, ಈಗ ಸಹಿ ಮಾಡ್ತೀನಿ" ಎಂದು ಸರ್ ಮೂರು ಸಲ ಹೇಳಿದರು, ಪ್ರೀತಿಯಿಂದಲೇ ಹೇಳಿದರು. ಅವಳು ತಿದ್ದಲಿಲ್ಲ. ಸಹಿ ಬೀಳಲಿಲ್ಲ. ಸೈನ್ಸ್ ಸಿಗಲಿಲ್ಲ. ಎರಡು ವರ್ಷ ಆರ್ಟ್ಸ್ ಓದಿ ಬಿಟ್ಟಳು. ಈಗ ಅಪ್ಪನ ಅಂಗಡಿಯಲ್ಲಿ ಅವಳೇ ಚಹಾ ಮಾಡುತ್ತಾಳೆ. ನಾನು ಸುರಪುರದಲ್ಲಿ ವಿಜ್ಞಾನ ಕಲಿಸುತ್ತೇನೆ. ಇಷ್ಟು ವರ್ಷ ಸಿದ್ರಾಮಪ್ಪ ಸರ್ ಹೆಸರು ಬಂದಾಗಲೆಲ್ಲ ನಾನು ಮೂಗು ಮುರಿದಿದ್ದೇನೆ. ಕಲ್ಲಿನ ಗಿಣಿ ಎಂದು ಅವರಿಗೆ ಹೆಸರಿಟ್ಟವಳೂ ನಾನೇ.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ. ನಿವೃತ್ತರಾಗಿ ಯಾದಗಿರಿಯಲ್ಲಿ ಮನೆ ಮಾಡಿದ್ದರು. ಶಿಕ್ಷಕರ ತರಬೇತಿಗೆ ನಾನು ಅಲ್ಲಿಗೆ ಹೋದದ್ದು ಹೇಗೋ ತಿಳಿದು, ಬಂದು ಹೋಗಲು ಹೇಳಿಕಳಿಸಿದರು. ಹೋದೆ. ಅದೇ ಬಿಳಿ ಅಂಗಿ, ಅವೇ ಎರಡು ಪೆನ್ನು. ಅವರ ಹೆಂಡತಿ ಒಂದು ತಟ್ಟೆ ಉಪ್ಪಿಟ್ಟು ತಂದಿಟ್ಟರು. ಸರ್ ಒಳಗಿನಿಂದ ಬೂಟಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಮೇಲೆ ಕೆಂಪು ಶಾಯಿಯಲ್ಲಿ "ಕೆಟ್ಟವು" ಎಂದು ಬರೆದಿತ್ತು.

"ನೀನೂ ಈಗ ಸೈನ್ಸ್ ಟೀಚರ್ ಅಲ್ಲೇನವಾ, ತಗೊಂಡು ಹೋಗು. ಹುಡುಗರಿಗಿ ತೋರಸಾಕ ಆಗ್ತಾವ. ಒಂದೂ ನೂರು ತೋರಸಲಿಲ್ಲ ನೋಡು, ಎಂಥಾ ಮಾಲು ಕಳಸ್ತಿದ್ದರು."

ಒಳಗೆ ಏಳು ಥರ್ಮಾಮೀಟರುಗಳಿದ್ದವು. ಪ್ರತಿಯೊಂದಕ್ಕೂ ದಾರದಿಂದ ಚೀಟಿ ಕಟ್ಟಿತ್ತು. ಬೇರೆ ಬೇರೆ ವರ್ಷ, ಬೇರೆ ಬೇರೆ ಕಂಪನಿ, ಎಲ್ಲದರಲ್ಲೂ ಅದೇ ಮುದ್ದಾದ ಅಕ್ಷರ: ನಾನು ಓದಿದ್ದು 98.5, ಕೆಟ್ಟಿದೆ. ನಮ್ಮ ವರ್ಷದ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. "ಮಕ್ಕಳು ಓದಿದ್ದು 98.5. ನಾನೇ ಮತ್ತೆ ಕುದಿಸಿ ನೋಡಿದೆ, 98.5. ಕೆಟ್ಟಿದೆ."

ಇಡೀ ಆಯುಷ್ಯದಲ್ಲಿ ಈ ಮನುಷ್ಯ ಕಣ್ಣು ತೆರೆದು ಮಾಡಿದ ಪ್ರಯೋಗ ಇದೊಂದೇ ಇರಬೇಕು. ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದರು. ಏಳು ಸಾಕ್ಷಿಗಳು ಒಂದೇ ಮಾತು ಹೇಳಿದ್ದವು, ಅವರು ಏಳನ್ನೂ ನಪಾಸು ಮಾಡಿ ಡಬ್ಬಿಗೆ ಹಾಕಿದ್ದರು. ಎತ್ತರ, ಗಾಳಿಯ ಒತ್ತಡ ಎಲ್ಲವನ್ನೂ ಅವರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿದರು.

"ಸಮುದ್ರ ಮಟ್ಟದ ವಾಯು ಒತ್ತಡದಲ್ಲಿ ಶುದ್ಧ ನೀರು," ಎಂದು ಪೂರ್ತಿ ವಾಕ್ಯ ಒಪ್ಪಿಸಿ ಕಣ್ಣು ತೆರೆದರು. "ಪುಸ್ತಕದಾಗೇ ಅದವಾ ಇದು. ನನಗ ಗೊತ್ತಿಲ್ಲೇನು?"

"ಹಂಗಾದ್ರ ರಜಿಯಾ ಓದಿದ್ದು ಖರೆ ಇತ್ತಲ್ರಿ ಸರ್. ಅದು ನಿಮಗೂ ಅವಾಗೇ ತಿಳಿದಿತ್ತು."

"ಓದಿದ್ದು ಖರೆ," ಅಂದರು ಸರ್. "ಉತ್ತರ ತಪ್ಪು."

ನಾನು ಎದ್ದು ನಿಂತೆ. ಅವರು ನಗುತ್ತ ಡಬ್ಬಿಯನ್ನು ನನ್ನ ಕೈಗಿತ್ತರು. "ಆಕಿ ಶಾಣೇ ಇದ್ದಳು, ಆದ್ರ ಬಾಳ ಹಟ. ನೀ ನೂರು ಅಂದಿ. ಅದಕ್ಕ ನೋಡು ನೀ ಟೀಚರ್ ಆದಿ."

ಹೊಗಳಿಕೆ ಎಂದೇ ಹೇಳಿದರು. ಅವರ ಬಾಯಿಂದ ಪುಸ್ತಕದಲ್ಲಿಲ್ಲದ ಮಾತು ನಾನು ಕೇಳಿದ್ದು ಅಪರೂಪ, ಅದರಲ್ಲಿ ಇದೊಂದು. ಅವರನ್ನು ಹೀಗಳೆದುಕೊಂಡು ನಾನು ಇಷ್ಟು ವರ್ಷ ಆರಾಮಾಗಿದ್ದೆ. ನನ್ನ ಶಾಲೆಯಲ್ಲಿ ನಾನು ಒಂದು ದಿನವೂ ಮಕ್ಕಳ ಮುಂದೆ ನೀರು ಕುದಿಸಿಲ್ಲ. ನೂರು ಎಂದು ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತೇನೆ. ಕಣ್ಣು ತೆರೆದಿರುತ್ತೇನೆ, ಅಷ್ಟೇ ವ್ಯತ್ಯಾಸ.

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಶಹಾಪುರದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಎಷ್ಟೋ ಸಲ ಕಿಟಕಿಯಿಂದ ರಜಿಯಾಳ ಅಂಗಡಿ ನೋಡಿ ಮುಖ ಆಚೆ ತಿರುಗಿಸಿದ್ದೆ. ಅವತ್ತು ಡಬ್ಬಿ ಹಿಡಿದು ಇಳಿದೆ. ಅವಳು ಒಲೆಯ ಮುಂದೆ ನಿಂತಿದ್ದಳು. ನನ್ನನ್ನು ಗುರುತು ಹಿಡಿದಳು, ಆದರೆ ಬಾ ಎನ್ನಲಿಲ್ಲ. ನಾನು ನಮ್ಮ ವರ್ಷದ ಚೀಟಿಯನ್ನು ಬಿಚ್ಚಿ ಅವಳ ಮುಂದೆ ಹಿಡಿದೆ.

"ಸರ್ ಕೈಯಕ್ಷರ ನೋಡು ರಜಿಯಾ. ಅವರೂ ಅಷ್ಟೇ ಓದ್ಯಾರ. ನೀ ಅಂದಿದ್ದು ಬರೋಬ್ಬರಿ ಇತ್ತು."

ಅವಳು ಚೀಟಿಯನ್ನು ಪೂರ್ತಿ ಓದಿದಳು. ಮಡಚಿ ನನಗೇ ವಾಪಸು ಕೊಟ್ಟಳು.

"ಇದು ನನಗ ಯಾಕ ಬೇಕು? ನಾ ನೋಡಿದ್ದು ನನಗ ಗೊತ್ತದ. ಅವರು ನೋಡಿದ್ದು ಅವರು ಬರದಾರ. ನೀ ಹೇಳು. ಅವತ್ತು ನೀ ನೋಡಿದ್ದು ಎಷ್ಟಿತ್ತು?"

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಇಬ್ಬರು ನಮ್ಮ ಕಡೆಗೇ ನೋಡುತ್ತಿದ್ದರು.

"ತೊಂಬತ್ತೆಂಟೂವರಿ," ಅಂದೆ.

ರಜಿಯಾ ತಲೆಯಾಡಿಸಿ, ಉಕ್ಕಿ ಬರುತ್ತಿದ್ದ ಹಾಲಿನ ಕೆಳಗಿನ ಉರಿ ಸಣ್ಣದು ಮಾಡಿದಳು.