ಹುನಗುಂದದ ಮಳೆ, ಇಳಕಲ್ಲಿನ ಗಾಳಿ

ನಾಳಿನ ಹವಾಮಾನದ ಸಾಲುಗಳು ಮೇಜಿಗೆ ಬಂದಿವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್: ಭಾಗಶಃ ಮೋಡ, ಮಧ್ಯಾಹ್ನದ ನಂತರ ಅಲ್ಲಲ್ಲಿ ಗುಡುಗು ಸಹಿತ ಮಳೆ. ತಿದ್ದಲು ಏನೂ ಇಲ್ಲ. ಪೆನ್ನು ಕೆಳಗಿಡುವಾಗ ಸುದ್ದಿಮನೆಯ ಕಿಟಕಿಯಿಂದ ತಣ್ಣನೆಯ ಗಾಳಿ ಒಳಗೆ ಬಂತು, ಒದ್ದೆ ಮಣ್ಣಿನ ವಾಸನೆಯೊಂದಿಗೆ. ಹೊರಗೆ ರಸ್ತೆ ಒಣಗಿಯೇ ಇದೆ. ಎಲ್ಲೋ ಸುರಿದ ಮಳೆ ಇಲ್ಲಿಗೆ ತನ್ನ ಗಾಳಿಯನ್ನಷ್ಟೇ ಕಳಿಸಿದೆ. ಈ ಗಾಳಿ ಬಂದಾಗಲೆಲ್ಲ ನನಗೆ ಇಳಕಲ್ಲಿನ ಒಂದು ಅಡುಗೆಮನೆ ಕಾಣುತ್ತದೆ, ಅದರ ನಡುವೆ ಹಾದುಹೋದ ಹಸಿರು ನೂಲು ಕಾಣುತ್ತದೆ.

ಹವಾಮಾನದ ಸಾಲು ಬರೆಯುವವನಿಗೆ ನೆಂಟರಲ್ಲಿ ಸಿಗುವ ಮರ್ಯಾದೆ ವಿಚಿತ್ರವಾದದ್ದು. ಬಿಸಿಲು ಹೆಚ್ಚಾದರೆ ನಾನೇ ಬಿಟ್ಟೆನೆಂಬಂತೆ ನೋಡುತ್ತಾರೆ. ಮುಂಗಾರಿನ ಮೋಡ ಬಹುಪಾಲು ನೀರನ್ನು ಪಶ್ಚಿಮದ ಬೆಟ್ಟಗಳಲ್ಲೇ ಇಳಿಸಿ ನಮ್ಮ ಕಡೆಗೆ ಹಗುರಾಗಿ ಬರುತ್ತದೆ, ಅದಕ್ಕೇ ಆಷಾಢದಲ್ಲಿ ನಮಗೆ ಮಳೆಗಿಂತ ನೆರಳು ಹೆಚ್ಚು ಎಂದು ಒಮ್ಮೆ ಊಟದ ಪಂಕ್ತಿಯಲ್ಲಿ ವಿವರಿಸಿದ್ದೆ. ಪಕ್ಕದವರು, "ಹಂಗಾರ ನೀವ ಅದಕ್ಕ ಒಂದ್ ಮಾತು ಹೇಳ್ರಲಾ" ಎಂದು ಸಾರಿಗೆ ಕೈಯೊಡ್ಡಿದ್ದರು.

ಇಳಕಲ್ಲಿನ ನನ್ನ ಚಿಕ್ಕಮ್ಮ, ನಮ್ಮ ಮಾತಿನ ಚಿಗವ್ವ, ಅವಳೂ ನನ್ನನ್ನು ಹಾಗೆಯೇ ನಂಬಿದವಳು. ಚೊಚ್ಚಲ ಬಸುರಿ ಮಗಳು ಗಂಗಾಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತಾನೇ ನೇಯ್ದ ಹಸಿರು ಸೀರೆ ಉಡಿಸಬೇಕೆಂದು ಹಟ ಹಿಡಿದಿದ್ದಳು. ಅಂಗಡಿಯ ಸೀರೆ ಉಡಿಸಿ ತಾನು ಮಗ್ಗದ ಮನೆಯವಳೆಂದು ಹೇಳಿಕೊಳ್ಳುವುದು ಹೇಗೆ? ಕುಬಸ ಹತ್ತಿರ ಬಂದಿತ್ತು. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳಿಗೆ, ನಾನು ಇಳಕಲ್ಲಿಗೆ ಹೋದ ದಿನವೇ ಗಂಜಿ ಬೀಳದಿದ್ದರೆ ಸೀರೆ ಆಗುವಂತಿರಲಿಲ್ಲ.

ಗಂಜಿ ಹಚ್ಚುವುದು ಓಣಿಯಲ್ಲೇ. ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಕುಂಚದಿಂದ ಗಂಜಿ ಸವರಿ, ಒಣಗಲು ಬಿಡಬೇಕು. ಹಸಿಯಿದ್ದಾಗ ಮಡಚಿದರೆ ಎಳೆಗಳು ಅಂಟಿಕೊಳ್ಳುತ್ತವೆ. ಮಳೆ ಬಿದ್ದರೆ ಗಂಜಿ ತೊಳೆದುಹೋಗುತ್ತದೆ. ಎಲ್ಲರೂ ಬೆಳಗಿನ ಹೊತ್ತೇ ಮುಗಿಸುವ ಕೆಲಸ. ಚಿಗವ್ವ ಮಾತ್ರ ಅಂದು ಬೆಳಗನ್ನು ಕೈಬಿಟ್ಟು ನನ್ನ ಬಸ್ಸಿಗೆ ಕಾದಿದ್ದಳು. ಮನೆಯಲ್ಲೇ ಮಳೆಯ ಮನುಷ್ಯ ಇರುವಾಗ ಅವನನ್ನು ಕೇಳದೆ ನೂಲು ಬಿಚ್ಚುವುದುಂಟೇ?

"ಮಳಿ ಬರ್ತೈತೇನ್ ತಮ್ಮಾ?"

"ಅಲ್ಲಲ್ಲಿ ಬರೂ ಸಾಧ್ಯತೆ ಐತಿ ಚಿಗವ್ವಾ."

"ಅಲ್ಲಲ್ಲಿ ಅಂದ್ರ ನಮ್ಮ ಓಣಿ ಅದರಾಗ ಐತೋ ಇಲ್ಲೋ?"

"ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲ."

"ಮತ್ತ ನಿನ್ನ ಸಾಧ್ಯತೆ ತಗೊಂಡು ನಾ ಏನ್ ಮಾಡ್ಲಿ? ಮಗಳಿಗೆ ಉಡಸ್ಲೇನ?"

ನೂಲು ಓಣಿಗೆ ಬಂತು.

ಬೇಸಿಗೆಯ ಕೊನೆಯ ಮಧ್ಯಾಹ್ನ. ಕಾದ ನೆಲದ ಮೇಲಿನ ಗಾಳಿ ಏರುತ್ತ ಏರುತ್ತ ತಂಪಾಗಿ ಮೋಡವಾಗುವುದನ್ನು ಕೂತು ನೋಡಿದ್ದೀರಾ? ಎಚ್ಚರವಿದ್ದೇ ಕನಸು ಕಂಡಂತಿರುತ್ತದೆ. ಹುನಗುಂದದ ದಿಕ್ಕಿನಲ್ಲಿ ಬಿಳಿಯ ಗುಡ್ಡವೊಂದು ಸದ್ದಿಲ್ಲದೆ ಬೆಳೆಯುತ್ತಿತ್ತು. ಅದರ ತಳ ಮೆಲ್ಲಗೆ ಕಪ್ಪಾಗುತ್ತಿತ್ತು. ಇತ್ತ ಓಣಿಯಲ್ಲಿ ಹಸಿರು ನೂಲು ನಿಂತ ನೀರಿನಂತೆ ಹೊಳೆಯುತ್ತಿತ್ತು. ಹೊಸ್ತಿಲಲ್ಲಿ ಕೂತ ಗಂಗಾ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಮ್ಮೆ ಮೋಡವನ್ನು ಒಮ್ಮೆ ನೂಲನ್ನು ನೋಡುತ್ತಿದ್ದಳು. ಗುಡುಗಿತು.

ಆ ಓಣಿ ನೇರವಾಗಿ ಹೋಗಿ ಮುಗಿಯುವುದು ಮಾಬುಸಾಬ ಕಾಕಾನ ಮನೆಬಾಗಿಲಿಗೆ. ಕಾಕಾನೂ ನೇಕಾರನೇ. ಬಾಗಿಲ ಎರಡೂ ಕದ ತೆರೆದು ಹೇಳಿದ: "ಮಡಚಬ್ಯಾಡ್ರಿ. ಹಂಗ ಎತ್ತಿ ಸೀದಾ ನಮ್ಮ ಮನಿಯಾಗ ನಡೀರಿ."

ಮುಂಬಾಗಿಲು, ಪಡಸಾಲೆ, ಅಡುಗೆಮನೆ, ಹಿತ್ತಿಲ ಬಾಗಿಲು, ಎಲ್ಲ ಒಂದೇ ಗೆರೆಯಲ್ಲಿದ್ದ ಉದ್ದನೆಯ ಮನೆ ಅದು. ನಾವೂ ಓಣಿಯವರೂ ಸೇರಿ ನೂಲನ್ನು ಎದೆಮಟ್ಟಕ್ಕೆ ಹಿಡಿದು, ಹೆಜ್ಜೆಗೆ ಹೆಜ್ಜೆ ಹೊಂದಿಸಿ ಒಳಗೆ ನಡೆದೆವು. ಹೊಸ್ತಿಲ ಹೊರಗೆ ಉಳಿದ ತುದಿಗೆ ಯಾರೋ ತಾಡಪತ್ರಿ ಹೊದಿಸಿದರು. ಕಾಕಾನ ಹೆಂಡತಿ ಒಲೆ ಆರಿಸಿ, ರೊಟ್ಟಿಯ ಬುಟ್ಟಿ ಎತ್ತಿಕೊಂಡು ಗೋಡೆಗೆ ಸರಿದು ನಿಂತಳು.

"ಅಕ್ಕಾ, ನಿನ್ನ ಮಗಳ ಸೀರಿ ನಮ್ಮ ಒಗ್ಗರಣಿ ವಾಸನಿ ಹೊಡಿತೈತಿ. ಆಮ್ಯಾಲ ಬೈಬ್ಯಾಡ."

"ಹೊಡೀಲಿ ತಗೋ. ಕೂಸಿಗೆ ಈಗಿಂದನ ಬಳ್ಳೊಳ್ಳಿ ರೂಢಿ ಆಗ್ಲಿ" ಎಂದಳು ಚಿಗವ್ವ. ನಗಲಿಲ್ಲ, ಅವಳ ಕಣ್ಣು ನೂಲಿನ ಮೇಲೇ ಇತ್ತು.

ಆಗ ಹಿತ್ತಿಲ ಬಾಗಿಲಿನಿಂದ ಗಾಳಿ ಬಂತು. ಮೋಡದಿಂದ ಮಳೆ ಬೀಳುವಾಗ ಅದರೊಡನೆ ತಂಪು ಗಾಳಿಯೂ ಕೆಳಗಿಳಿಯುತ್ತದೆ, ನೆಲ ಮುಟ್ಟಿ ಸುತ್ತಲೂ ಹರಡುತ್ತದೆ. ಮಳೆ ಹುನಗುಂದದಲ್ಲಿ ಬಿತ್ತು. ನಮಗೆ ಬಂದದ್ದು ಆ ಗಾಳಿ, ತಾಡಪತ್ರಿಯ ಮೇಲೆ ನಾಲ್ಕು ಹನಿ, ಅಷ್ಟೇ. ಗಾಳಿ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬೀಳುತ್ತ ಅಡುಗೆಮನೆಯ ನಡುವೆ ಹಸಿರನ್ನು ಅಲುಗಿಸುತ್ತಿತ್ತು. ಬಿಸಿಲು ಮಾಡಬೇಕಿದ್ದ ಕೆಲಸವನ್ನು ನಿಧಾನವಾಗಿ ಅದೇ ಮಾಡಿತು. ಸಂಜೆ ಚಿಗವ್ವ ಒಂದು ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಒಣಗಿತೆಂದು ಗಂಗಾಳ ಕಡೆ ತಲೆಯಾಡಿಸಿದಳು.

ಕುಬಸದ ದಿನ ಗಂಗಾ ಆ ಸೀರೆಯಲ್ಲಿ ಕೂತಳು. ಆರತಿಯ ನಡುವೆ ಸೆರಗನ್ನು ಮೂಗಿಗೆ ಹಿಡಿದು, ಎದುರು ಕೂತಿದ್ದ ಕಾಕಾನ ಹೆಂಡತಿಯನ್ನು ನೋಡಿ ನಕ್ಕಳು.

ಅಂದಿನ ಮುನ್ಸೂಚನೆ ಸರಿಯಾಗಿತ್ತೇ ಎಂದು ನೀವು ಕೇಳಬಹುದು. ಸರಿಯಾಗಿಯೇ ಇತ್ತು. ಅಲ್ಲಲ್ಲಿ ಮಳೆ ಬಂತು.

ಈಗ ಸುದ್ದಿಮನೆಯಲ್ಲಿ ಹಾಳೆಗಳು ಹಾರುತ್ತಿವೆ. ಸಹೋದ್ಯೋಗಿ ಎದ್ದು, "ಕಿಟಕಿ ಹಾಕ್ಲೇನ್ರಿ?" ಎಂದರು.

"ಬ್ಯಾಡ್ರಿ. ಆಚಿ ಬಾಗಿಲಾನೂ ತಗೀರಿ" ಎಂದೆ.

ನಾಳಿನ ಸಾಲುಗಳ ಮೇಲೆ ಅಂಗೈ ಒತ್ತಿ ಕೂತೆ. ಎಲ್ಲೋ ಒಂದು ಓಣಿಯಲ್ಲಿ ಈ ಹೊತ್ತಿಗೆ ಯಾರೋ ನೂಲು ಎತ್ತುತ್ತಿರಬಹುದು. ಬಾಗಿಲು ತೆರೆಯಿತು, ಗಾಳಿ ನೇರವಾಗಿ ಹಾದುಹೋಯಿತು.