ಶಿವಥೀರಿಯಂ ಕತ್ತು ಹಿಂದೆಳೆದ ಬಗೆ

ಮ್ಯೂಸಿಯಂ ಗೋಡೆಯ ಮೇಲೆ ಲಕ್ಷಾಂತರ ವರ್ಷ ಹಿಂದಿನ ಪ್ರಾಣಿಗಳನ್ನು ಬರೆಯುತ್ತೇನೆ ಎಂದರೆ ಜನ ಮೊದಲು ಕೇಳುವುದು, "ನೀನು ನೋಡಿದ್ದೀಯಾ?" ಇಲ್ಲ. ಯಾರೂ ನೋಡಿಲ್ಲ, ಈ ಕಸುಬಿನ ದೊಡ್ಡ ಅನುಕೂಲವೇ ಅದು. ಎಲುಬು ಎತ್ತರ ಹೇಳುತ್ತದೆ, ಹಲ್ಲು ಊಟ ಹೇಳುತ್ತದೆ. ಅಸ್ಥಿಪಂಜರದ ಮೇಲೆ ಸ್ನಾಯು, ಸ್ನಾಯುವಿನ ಮೇಲೆ ಚರ್ಮ, ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಬೇಸರವಾದಾಗ ಪ್ರಾಣಿ ಹೇಗೆ ನಿಲ್ಲುತ್ತಿತ್ತು ಎಂದು ಯಾವ ಎಲುಬೂ ಹೇಳುವುದಿಲ್ಲ. ಅದು ಬಾರದಿದ್ದರೆ ಗೋಡೆಯ ಮೇಲಿರುವುದು ಚರ್ಮ ಹೊದೆಸಿದ ಮೇಜು.

ಮಂಗಳೂರಿನ ಈ ಗೋಡೆ ನಾನೊಬ್ಬನೇ ಒಪ್ಪಿಕೊಂಡ ಮೊದಲನೆಯದು. ಕ್ಯುರೇಟರ್ ಸಾಹೇಬರು ಮೆಚ್ಚಿದರೆ ಉದ್ಘಾಟನೆ. ಇಲ್ಲವಾದರೆ ಅದಕ್ಕೆ ಸುಣ್ಣ, ನನಗೆ ಮತ್ತೆ ಅಂಗಡಿ ಬೋರ್ಡು.

ಬಣ್ಣಕ್ಕಿಂತ ಮೊದಲೇ ನನಗೆ ಬಂದ ವಿದ್ಯೆ ಮಿಮಿಕ್ರಿ. ಹಾಗಾಗಿ ನಿಲುವುಗಳನ್ನೆಲ್ಲ ಗುರುತಿನವರಿಂದಲೇ ಕದ್ದೆ. ಮನೆಯ ಕನ್ನಡಿಯೆದುರು ಅವರಾಗಿ ನಿಲ್ಲುವುದು, ಫೋನಿನಲ್ಲಿ ಫೋಟೋ ಹೊಡೆಯುವುದು, ಗೋಡೆಗೆ ಇಳಿಸುವುದು. ಗಲ್ಫಿನಿಂದ ಬಂದ ಮಾವ ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆಗಳ ನಡುವೆ ಕೂತು, ಕುತ್ತಿಗೆ ಮಾತ್ರ ಹೊರಗೆ ಹಾಕಿ ಬಸ್ಸು ಹುಡುಕುತ್ತಿದ್ದರಲ್ಲ, ಅದು ದೈತ್ಯ ಆಮೆಯಾಯಿತು. ಕಂಕನಾಡಿಯಲ್ಲಿ ಮೀನು ಮಾರುವ ನನ್ನ ಅಮ್ಮ ರಸ್ತೆ ದಾಟುವ ಗತ್ತು, ಅಂದರೆ ಬೇಕಾದರೆ ಬಸ್ಸೇ ನಿಲ್ಲಲಿ ಎಂಬ ನಡಿಗೆ, ಉದ್ದ ದಂತದ ಹಳೆಯ ಆನೆಗೆ ಹೋಯಿತು. ನಾನು ನಾಲ್ಕು ಕಾಲಿನಲ್ಲಿ ಮನೆಯ ಹಾಲ್ ದಾಟುವಾಗ ಅಮ್ಮ ಒಳಗೆ ಬಂದರು.

"ಎಂತ ಮಗಾ, ಬೆನ್ನು ಹಿಡಿದಿದಾ?"

"ಇಲ್ಲಮ್ಮ, ನಿನ್ನ ಹಾಗೆ ನಡೀತಾ ಇದ್ದೇನೆ."

ಆ ದಿನ ನನ್ನ ಬಟ್ಟಲಿಗೆ ಬಂದದ್ದು ಬಂಗುಡೆ ಮೀನಿನ ತಲೆ ಮಾತ್ರ.

ಕೊನೆಗೆ ಉಳಿದದ್ದು ಶಿವಥೀರಿಯಂ. ಜಿರಾಫೆಯ ನೆಂಟ, ಆದರೆ ಕತ್ತು ಗಿಡ್ಡ, ಮೈ ಆನೆಯದು, ತಲೆಯ ಮೇಲೆ ಹಲಗೆಯಂಥ ಕೊಂಬು. ಅದಕ್ಕೆ ನಿಲುವು ಸಿಗದೆ ಒದ್ದಾಡುತ್ತಿದ್ದಾಗ ಕ್ಯುರೇಟರ್ ಬಂದರು. ಚಹಾ ಕೊಟ್ಟೆ. ಅವರು ಗದ್ದ ಒಳಗೆಳೆದು, ಕತ್ತು ಹಿಂದೆ ಸರಿಸಿ, ಕನ್ನಡಕದ ಮೇಲಿನಿಂದ ಲೋಟದೊಳಗೆ ಇಣುಕಿ, "ಸಕ್ಕರೆ ಉಂಟಾ?" ಎಂದರು. ಅಷ್ಟು ಸಾಕಾಯಿತು. ಕೆರೆಯ ನೀರನ್ನು ಅನುಮಾನಿಸುತ್ತಾ ನಿಂತ ಶಿವಥೀರಿಯಂ ಒಂದೇ ವಾರದಲ್ಲಿ ಮುಗಿಯಿತು.

ಪರೀಕ್ಷೆಯ ದಿನ ಅವರು ಗೋಡೆಯುದ್ದಕ್ಕೂ ನಡೆದು ಶಿವಥೀರಿಯಂ ಎದುರೇ ನಿಂತರು. ಗದ್ದ ಒಳಗೆಳೆದರು. ಕತ್ತು ಹಿಂದೆ ಸರಿಸಿದರು. ಬಾಗಿಲಲ್ಲಿದ್ದ ವಾಚ್‌ಮನ್ ಒಮ್ಮೆ ಗೋಡೆ ನೋಡಿದ, ಒಮ್ಮೆ ಸಾಹೇಬರನ್ನು ನೋಡಿದ, ಆಮೇಲೆ ಕೆಮ್ಮುತ್ತಾ ಹೊರಗೆ ಓಡಿದ. ಅದು ಕೆಮ್ಮಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು.

"ಈ ಗರ್ವ ಎಲುಬಿನಲ್ಲಿ ಉಂಟಾ?"

"ಇಲ್ಲ ಸರ್. ಅದು... ಊಹೆ."

"ಊಹೆ!" ಅವರು ಮತ್ತೆ ಗೋಡೆಗೆ ತಿರುಗಿದರು. ಸುಣ್ಣದ ವಾಸನೆ ಆಗಲೇ ನನ್ನ ಮೂಗಿಗೆ ಬಂದಿತ್ತು. "ಅಳತೆ ಸರಿ ಉಂಟು. ಕೊಂಬೂ ಸರಿ. ಅಳಿಸಲಿಕ್ಕೆ ಕಾರಣ ಇಲ್ಲ. ಆದರೆ ಮಾರಾಯ, ನನ್ನನ್ನೂ ಸೇರಿಸಿ ಊರಿನವರೆಲ್ಲ ಇದ್ದಾರೆ, ನೀನು ಎಲ್ಲಿ?"

ಅವರೇ ಚಿತ್ರದತ್ತ ಬೆರಳು ತೋರಿಸಿದರು.

"ಕೆರೆಯ ಆ ಮೂಲೆ ಖಾಲಿ ಉಂಟಲ್ಲ. ಅಲ್ಲಿ ಒಂದು ನೀರಾನೆ ಮರಿ ಹಾಕು. ಆಮೇಲೆ ಉದ್ಘಾಟನೆ."

"ನಿಲುವು ಹೇಗೆ ಸರ್?"

ಅವರು ಹೆಗಲ ಚೀಲ ನೆಲಕ್ಕಿಟ್ಟರು. ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ, ಒಂದು ಹುಬ್ಬು ಏರಿಸಿ, ತಮ್ಮ ಜೋಕಿಗೆ ತಾವೇ ಮೊದಲು ನಗುವವರ ಹಾಗೆ ಬಾಯಿ ಅಷ್ಟಗಲ ತೆರೆದರು. ಹೊರಗೆ ವಾಚ್‌ಮನ್‌ಗೆ ಮತ್ತೆ ಕೆಮ್ಮು. ನಾನು ಹಾಗೆ ನಗುತ್ತೇನೆಂದು ಇಷ್ಟು ವರ್ಷ ನನಗೊಬ್ಬನಿಗೇ ಗೊತ್ತಿರಲಿಲ್ಲ.

ಸೀಮೆಸುಣ್ಣ ಹಿಡಿದು ಕೂತೆ. ಮರಿಯ ಗೆರೆ ಬೇಗ ಮುಗಿಯಿತು. ಹಾಗಂತ ಅವರಿಗೆ ಹೇಳಲಿಲ್ಲ.

"ಬಾಯಿ ಮುಚ್ಚಬೇಡಿ ಸರ್," ಎಂದೆ, "ಹಲ್ಲು ಬರೆಯಲಿಕ್ಕೆ ಉಂಟು."