ಬಾವ ತಿದ್ದಿದ ಗೀಟು

ನಮ್ಮ ಬಾವ ಮಾರ್ಕಂಡಪ್ಪ ತನ್ನ ಬಲಗೆನ್ನೆಯ ಮೇಲೆ ಕ್ಯಾನ್ಸರ್ ಡಾಕ್ಟರು ಎಳೆದಿದ್ದ ಗೀಟನ್ನು ಒಂದು ಭಾನುವಾರ ಕೂತು ತಿದ್ದಿಬಿಟ್ಟ.

ಯಾಕೆ? ಸೊಟ್ಟಗಿತ್ತಂತೆ!

ಬಾವನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಮೊಳಕಾಲ್ಮೂರಿನಲ್ಲಿ ಮೂವತ್ತು ವರ್ಷ ರೇಷ್ಮೆ ಸೀರೆ ನೇಯ್ದವನು. ಸೆರಗಿನ ನವಿಲಿನಲ್ಲಿ ಒಂದು ಎಳೆ ಓರೆಯಾದರೆ ಊಟ ಬಿಡುವವನು. ಯಾರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿಯೇ ಕೂರುವವನು. ಅಂಥವನ ಮುಖದ ಮೇಲೆ ನೇರಳೆ ಶಾಯಿಯಲ್ಲಿ ಓರೆ ಗೀಟು ಎಳೆದು ಕಳಿಸಿದರೆ ಸುಮ್ಮನಿರುತ್ತಾನೆಯೇ?

ನಡೆದದ್ದು ಹೋದ ವರ್ಷ. ಬಾವನ ಕೆನ್ನೆಯೊಳಗಿನ ಹುಣ್ಣು ಮಾಯಲಿಲ್ಲ (ಹೊಗೆಸೊಪ್ಪು ಅಲ್ಲೇ ಸಂಸಾರ ಹೂಡಿತ್ತು). ಪರೀಕ್ಷೆ ಮಾಡಿದವರು ಕ್ಯಾನ್ಸರ್ ಎಂದರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆರು ವಾರ ರೇಡಿಯೇಷನ್. ನಮ್ಮ ಕಡೆ ಅದಕ್ಕೆ 'ಕರೆಂಟ್ ಇಡಿಸೋದು' ಅನ್ನುತ್ತಾರೆ. ಮೊಳಕಾಲ್ಮೂರಿನಿಂದ ಬಾವ, ಚಳ್ಳಕೆರೆಯಿಂದ ನಾನು, ಒಂದೇ ಬಸ್ಸು. ಡಾಕ್ಟರ ಹತ್ತಿರ ಮಾತಾಡುವ ಕೆಲಸ ನನ್ನದು. ಓದಿದವನಲ್ಲವೇ!

ಸಾವಿನ ಬಗ್ಗೆ ಬಾವ ಒಂದು ಮಾತೂ ಕೇಳಲಿಲ್ಲ. ಅವನ ಚಿಂತೆಯೇ ಬೇರೆ.

"ಲೇ, ಕರೆಂಟ್ ಇಟ್ರೆ ಬಾಯಿ ಒಣಗ್ತೈತಂತೆ. ಉಗುಳು ಉಳೀತೈತೇನೋ?"

"ಎಲ್ಲಾ ಸರಿಹೋಗ್ತೈತೆ, ಸುಮ್ನಿರು ಬಾವ."

ಇದು ನಗುವ ಪ್ರಶ್ನೆಯಲ್ಲ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಯಿಸಿದ ಎಳೆಗಳು, ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಯ ತುದಿಗೆ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬೆರಳನ್ನು ನಾಲಿಗೆಗೆ ತಾಗಿಸಬೇಕು, ಹೊಸೆಯಬೇಕು, ಮತ್ತೆ ತಾಗಿಸಬೇಕು. ನೀರು ಮುಟ್ಟಿಸಿದರೆ ಜಾರುತ್ತದೆ ಅಂತ ಬಾವನ ವಾದ. ಎಳೆ ಕೂಡಿಸುವುದರಲ್ಲಿ ಬೀದಿಗೇ ಅವನದು ಮೊದಲ ಕೈ. ಉಗುಳು ಹೋದರೆ ಆ ಕೈಯೂ ಹೋದ ಹಾಗೆ.

ಆಸ್ಪತ್ರೆಯವರು ಮೊದಲು ಎರಡು ಹುಳುಕು ಹಲ್ಲು ಕಿತ್ತರು (ಕರೆಂಟ್ ಇಟ್ಟ ಮೇಲೆ ಕಿತ್ತರೆ ದವಡೆ ಮಾಯುವುದು ಕಷ್ಟವಂತೆ). ಆಮೇಲೆ ಗೀಟು ಎಳೆದರು. ಅದರ ಹತ್ತಿರ ಸೋಪು, ಎಣ್ಣೆ, ಬ್ಲೇಡು ಸುಳಿಯಬಾರದು. ಉಪ್ಪು-ಸೋಡಾ ಬೆರೆಸಿದ ನೀರಿನಲ್ಲಿ ಗಂಟೆಗೊಮ್ಮೆ ಬಾಯಿ ಮುಕ್ಕಳಿಸಬೇಕು. ಖಾರ ಪೂರ್ತಿ ಬಂದ್. ಶನಿವಾರ, ಭಾನುವಾರ ಊರಿಗೆ ಬಂದಾಗ ಅಕ್ಕ ಮೆಣಸಿನಕಾಯಿ ಇಲ್ಲದ ಸಾರು ಮಾಡಿ ಇಟ್ಟರೆ ಬಾವ ತಟ್ಟೆ ನೋಡುವ.

"ಯಾರು ಸತ್ರು ಅಂತ ಮಾಡೀಯಾ ಇದನ್ನ?"

"ಯಾರೂ ಸಾಯಬಾರ್ದು ಅಂತಾನೇ ಮಾಡೀನಿ. ತಿನ್ನು."

ಎರಡನೇ ವಾರದ ಭಾನುವಾರ ಗೀಟಿನ ಕೆಲಸ ನಡೆಯಿತು. ಅಕ್ಕನ ಪ್ರಕಾರ, ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ಕೇಲು ಹಿಡಿದು, ಡಿಸೈನ್ ಬರೆಯುವ ಸ್ಕೆಚ್ ಪೆನ್ನಿನಿಂದ ಹೊಸದಾಗಿ ಎಳೆದ. ಬಾವನ ಪ್ರಕಾರ, ಒರೆಸಲೇ ಇಲ್ಲ. ಬಸ್ಸಿನ ಬೆವರಿಗೆ ಗೀಟು ತಾನೇ ಮಾಸಿತ್ತು, ಅವನು 'ರಿಪೇರಿ' ಮಾಡಿದನಷ್ಟೆ. ನಾನು ಅಲ್ಲಿರಲಿಲ್ಲ. ಆದರೂ ಆ ಕನ್ನಡಿ, ಕಿಟಕಿಯ ಬಿಸಿಲು, ಬಾವ ನಾಲಿಗೆ ಕಚ್ಚಿಕೊಂಡದ್ದು, ಎಲ್ಲಾ ನನಗೆ ಸ್ಪಷ್ಟವಾಗಿ ನೆನಪಿದೆ! ಇಂಥ ನೆನಪನ್ನು ಎಷ್ಟು ನಂಬಬೇಕೋ ನೀವೇ ಹೇಳಿ.

ಸೋಮವಾರ ಮೆಷಿನ್ ಕೋಣೆಯ ಹುಡುಗಿ ಅಳತೆ ಹಾಳೆ ನೋಡಿದಳು, ಬಾವನ ಕೆನ್ನೆ ನೋಡಿದಳು, ಹೋಗಿ ಡಾಕ್ಟರಮ್ಮನನ್ನು ಕರೆತಂದಳು.

"ಯಾರ್ರೀ ಇದನ್ನ ಎಳೆದಿದ್ದು?"

"ನಾನೇ ಅಮ್ಮಾ. ನಿಮ್ದು ಸ್ವಲ್ಪ ಸೊಟ್ಟ ಇತ್ತು."

"ಬೇಕೂಂತಲೇ ಓರೆ ಮಾಡಿದ್ದೇವೆ. ಎಡಗಡೆಯ ಉಗುಳಿನ ಗ್ರಂಥಿಗೆ ಕಿರಣ ತಾಗದೆ ಉಳೀಲಿ ಅಂತ. ನಿಮ್ಮ ನೆಟ್ಟನೆ ಗೀಟು ನಂಬಿ ಕರೆಂಟ್ ಕೊಟ್ಟಿದ್ರೆ ಎರಡೂ ಕಡೆ ಒಣಗಿ ಹೋಗ್ತಿತ್ತು!"

ಬಾವ ಕೆನ್ನೆ ಮುಟ್ಟಲು ಹೋದವನು ಕೈ ಹಿಂದಕ್ಕೆ ತೆಗೆದ. ಬೈಸಿಕೊಂಡವನ ಮುಖವಲ್ಲ ಅದು. ಇನ್ನೊಬ್ಬ ನೇಕಾರನ ಸೀರೆ ತಿರುವಿ ನೋಡುವಾಗಿನ ಮುಖ.

"ಮೊದ್ಲೇ ಒಂದ್ ಮಾತು ಹೇಳಿದ್ರೆ, ನೊಣ ಕೂರಾಕೂ ಬಿಡ್ತಿರ್ಲಿಲ್ಲ ಕಣಮ್ಮಾ" ಎಂದ.

ಅವತ್ತು ಕರೆಂಟ್ ಇಡಲಿಲ್ಲ. ಮತ್ತೆ ಅಳೆದು ಹೊಸ ಗೀಟು ಎಳೆದರು. ಆಮೇಲಿನ ನಾಲ್ಕು ವಾರ ಬಾವ ಅದನ್ನು ಕಾದ ರೀತಿ ನೀವು ನೋಡಬೇಕಿತ್ತು. ಬಸ್ಸಿನಲ್ಲಿ ಬಲಗಡೆ ಯಾರನ್ನೂ ಕೂರಿಸುತ್ತಿರಲಿಲ್ಲ! ಬಾಯೆಲ್ಲ ಹುಣ್ಣಾಗಿ ಅಂಬಲಿಯೂ ಇಳಿಯದ ದಿನಗಳಿದ್ದವು. ಮುಕ್ಕಳಿಸುವುದನ್ನು ಮಾತ್ರ ಬಿಡಲಿಲ್ಲ.

ನಾನು? ಚಳ್ಳಕೆರೆಯ ಹೋಟೆಲುಗಳಲ್ಲಿ ಕೂತು ವರ್ಷವಿಡೀ ಆಸ್ಪತ್ರೆಯನ್ನು ಬೈದೆ. ಈ ಡಾಕ್ಟರುಗಳು ಏನನ್ನೂ ಬಿಡಿಸಿ ಹೇಳುವುದಿಲ್ಲ, ಪಾಪದವನು ಏನು ಮಾಡಿಯಾನು ಅಂತ. ಈ ವಾರ ಪತ್ರಿಕೆಗೆ ಅದನ್ನೇ ಬರೆಯಲು ಕೂತೆ. ತಾರೀಕು ಸರಿಯಿರಲಿ ಎಂದು ಆಸ್ಪತ್ರೆಯ ಹಳೆಯ ಫೈಲು ತೆರೆದೆ. ಒಳಗೊಂದು ಚೀಟಿ. ಮೊದಲ ದಿನದ್ದು. ಅಕ್ಷರ ನನ್ನದೇ: 'ಗೀಟು ಓರೆ ಇರಬೇಕು, ಎಡಗಡೆ ಉಗುಳು ಉಳಿಯಲು. ಪೇಷಂಟಿಗೆ ತಿಳಿಸುವುದು.'

ಡಾಕ್ಟರಮ್ಮ ಹೇಳಿದ್ದರು. ನಾನು ಬರೆದುಕೊಂಡಿದ್ದೆ. ಹೇಳಿದರೆ ಹೆದರಿಯಾನು ಎಂದುಕೊಂಡೆನೋ, ಇವನಿಗೇನು ತಿಳಿದೀತು ಎಂದುಕೊಂಡೆನೋ, ಈಗ ನೆನಪಿಲ್ಲ. ಮೊದಲನೆಯದೇ ಇರಲಿ ಎಂದು ಆಸೆ.

ಚೀಟಿ ಜೇಬಿಗಿಟ್ಟುಕೊಂಡು ಮೊಳಕಾಲ್ಮೂರಿಗೆ ಹೋದೆ. ಬಾವ ಎಳೆ ಕೂಡಿಸುತ್ತಿದ್ದ. ಬಲಗಡೆ ಬಾಯಿ ಈಗಲೂ ಒಣ. ಬೆರಳನ್ನು ನಾಲಿಗೆಯ ಎಡಮೂಲೆಗೆ ತಾಗಿಸುತ್ತಾನೆ, ಕಾಯುತ್ತಾನೆ, ಹೊಸೆಯುತ್ತಾನೆ. ಮೊದಲಿನ ಅರ್ಧ ವೇಗ. ಆದರೂ ಎಳೆ ಕೂಡುತ್ತದೆ. ಚೀಟಿ ಓದಿ ಹೇಳಿದೆ.

"ನಿಂಗೆ ಗೊತ್ತಿತ್ತೇನಲೇ?" ಎಂದವನು ಜೋರಾಗಿ ನಕ್ಕ. ಅಕ್ಕನನ್ನು ಕರೆದು, ನಿನ್ನ ತಮ್ಮನಿಗೆ ಇವತ್ತು ಖಾರವಿಲ್ಲದ ಸಾರು ಹಾಕು ಎಂದ.

ಅವನು ನಕ್ಕುಬಿಟ್ಟ, ಸರಿ. ಆದರೆ ಅವನ ಬಾಯಿಯ ಸುದ್ದಿಯನ್ನು ಅವನಿಂದಲೇ ಮುಚ್ಚಿಡಲು ನನಗೆ ಹೇಳಿದವರು ಯಾರು?